ಸಂಗೀತ ನಾಟಕ ನೋಡೋಕೆ ಹೋಗ್ತಿದ್ದೀರಾ? ಮೊದ್ಲು ಸೀಟ್ ಸರಿಯಾಗಿ ಹಿಡೀರಿ

ಮೊನ್ನೆ ನಾಟಕದಲ್ಲಿ ನಮ್ ಸಾಲಲ್ಲಿ ಕೂತಿದ್ದ ಫ್ಯಾಮಿಲಿ ಹಾಡು ಶುರುವಾದಾಗ್ಲೆಲ್ಲ ಮಾತಿಗೆ ಇಳೀತಿತ್ತು, ಥಿಯೇಟರ್‌ನಲ್ಲಿ ಹಾಡು ಬಂದ್ರೆ ಪಾಪ್‌ಕಾರ್ನ್ ತರೋಕೆ ಎದ್ದೋಗ್ತಾರಲ್ಲ, ಹಾಗೆ. ಆಮೇಲೆ ಇಂಟರ್ವಲ್‌ನಲ್ಲಿ ನನ್ನೇ ಕೇಳಿದ್ರು, "ಕಥೆ ಏನ್ ಸಾರ್, ತಲೆಬುಡ ಗೊತ್ತಾಗ್ತಿಲ್ಲ." ಕಥೆ ಇದ್ದಿದ್ದೇ ಹಾಡಲ್ಲಿ ಸ್ವಾಮಿ!

ಮೊದಲ್ನೇದು, ನಾಟಕ ಆರಿಸೋದು. ಹೊಸಬ್ರಾದ್ರೆ ಜಡಭರತರ (ಜಿ.ಬಿ. ಜೋಶಿ) 'ಸತ್ತವರ ನೆರಳು' ಇದ್ಯಾ ನೋಡಿ. ನಿರ್ದೇಶಕ ಬಿ.ವಿ. ಕಾರಂತರು ಅದಕ್ಕೆ ದಾಸರ ಪದಗಳನ್ನ ಸೇರಿಸಿದ್ರು, ಮನೇಲಿ ಅಜ್ಜಿ ಹಾಡಿದ್ದು ಕೇಳಿರೋರಿಗೆ ಸಾಹಿತ್ಯ ಆಗ್ಲೇ ಪರಿಚಯ ಇರತ್ತೆ. ಪುತಿನ ಅವರ 'ಗೋಕುಲ ನಿರ್ಗಮನ' ಗೀತನಾಟಕ, ಅಂದ್ರೆ ಮಾತಿಗಿಂತ ಹಾಡೇ ಹೆಚ್ಚು, ಅದನ್ನ ಎರಡ್ನೇ ಸಲಕ್ಕೆ ಇಟ್ಕೊಳಿ, ಹೋಗೋ ಮುಂಚೆ ಒಂದ್ಸಲ ಓದ್ಕೊಂಡೂ ಹೋಗಿ.

ಟಿಕೆಟ್ ಆನ್‌ಲೈನ್‌ನಲ್ಲಿ ತಗೊಳಿ, ಮುಗೀತು.

ಹೊರಡೋದು ಬೇಗ. ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ್ಮೇಲೆ ಒಳಗೆ ಬಿಡಲ್ಲ, ಟ್ರಾಫಿಕ್ ಕಥೆ ಹೇಳಿದ್ರೂ ಬಿಡಲ್ಲ. ಏಳೂವರೆ ಆಟಕ್ಕೆ ಆರೂಮುಕ್ಕಾಲಿಗೆ ಅಲ್ಲಿರಿ, ಕ್ಯಾಂಟೀನ್‌ನಲ್ಲಿ ಏನಾದ್ರೂ ತಿನ್ನಿ. ರವೀಂದ್ರ ಕಲಾಕ್ಷೇತ್ರ ಅಂದ್ರೆ ಕಾರು ಮನೇಲೇ ಬಿಡಿ, ಜೆ.ಸಿ. ರೋಡ್‌ನಲ್ಲಿ ಸಂಜೆ ಹೊತ್ತು ಪಾರ್ಕಿಂಗ್ ಹುಡುಕೋದ್ರಲ್ಲೇ ಒಂದ್ ಅಂಕ ಮುಗಿದಿರತ್ತೆ.

ಈಗ ಸೀಟು. ಎಲ್ರೂ ಎಡವೋದು ಇಲ್ಲೇ. ನಮ್ ಕನ್ನಡ ನಾಟಕಗಳಿಗೆ ಎಷ್ಟೋ ಸಲ ಸೀಟ್ ನಂಬರ್ ಇರಲ್ಲ, ಬಾಗಿಲು ತೆಗೆದ ತಕ್ಷಣ ಜನ ಮೊದಲ್ನೇ ಸಾಲಿಗೆ ಓಡ್ತಾರೆ. ಓಡ್ಬೇಡಿ. ಮೊದ್ಲು ಮೇಳ ಎಲ್ಲಿ ಕೂತಿದೆ ನೋಡಿ, ಹಾರ್ಮೋನಿಯಂ, ತಬಲಾ ಎಲ್ಲ ಸಾಮಾನ್ಯವಾಗಿ ಸ್ಟೇಜಿನ ಒಂದ್ ಪಕ್ಕ ಇರತ್ತೆ, ಅದರ ಮುಂದೇನೇ ಕೂತ್ರೆ ಪೆಟ್ಟಿಗೆ ಸದ್ದು ಕಿವಿ ತುಂಬಿ ನಟರ ಮಾತು ಮುಳುಗೋಗತ್ತೆ, ಎಷ್ಟೋ ನಟರು ಮೈಕ್ ಇಲ್ದೇ ಹಾಡ್ತಾರೆ ಅನ್ನೋದು ನೆನಪಿರ್ಲಿ. ಮೇಳ ಇಲ್ದಿರೋ ಇನ್ನೊಂದ್ ಪಕ್ಕಕ್ಕೆ, ಐದ್ರಿಂದ ಎಂಟ್ನೇ ಸಾಲಿನ ಒಳಗೆ ಕೂತ್ರೆ ಸಾಹಿತ್ಯನೂ ಕೇಳತ್ತೆ, ನಟ ಪಲ್ಲವಿಗೆ ಬರೋ ಮುಂಚೆ ಹಾರ್ಮೋನಿಯಂನವ್ರ ಕಡೆ ಕಣ್ಣು ಹಾಯಿಸೋದೂ ಕಾಣತ್ತೆ, ನಂಗಂತೂ ಅರ್ಧ ಮಜಾ ಅದ್ರಲ್ಲೇ. ಬಾಲ್ಕನಿ ಬೇಡವೇ ಬೇಡ. ಆನ್‌ಲೈನ್‌ನಲ್ಲಿ ನಾಟಕಕ್ಕೆ ಅಂತಾನೇ ಪುಟಾಣಿ ಬೈನಾಕ್ಯುಲರ್ ಮಾರ್ತಾರೆ, ತಗೊಂಡು ಕೆಟ್ಟೆ, ಮೂಗು ನೋವಾಯ್ತೇ ಹೊರತು ಏನೂ ಕಾಣ್ಲಿಲ್ಲ.

ಫೋನ್ ಆಫ್. ಸೈಲೆಂಟ್ ಅಲ್ಲ, ಆಫ್. ಕೈಯೆತ್ತಿದ್ರೆ ಮಿಣುಕೋ ವಾಚೂ ಜೇಬಿಗೆ. ಕೆಮ್ಮಿದ್ರೆ ಪೆಪ್ಪರ್‌ಮಿಂಟ್ ಕವರ್ ಮನೇಲೇ ಬಿಚ್ಚಿ ಡಬ್ಬೀಲಿ ತನ್ನಿ, ಆಲಾಪದ ಮಧ್ಯೆ ಆ ಪರಪರ ಸದ್ದು ಕೇಳೋಕಾಗಲ್ಲ.

ಹಾಡು ಮುಗಿದ್ಮೇಲೆ ಚಪ್ಪಾಳೆ ಹೊಡೀರಿ, ಮಧ್ಯೆ ತಾಳ ಹಾಕ್ಬೇಡಿ. ಕಂಪನಿ ನಾಟಕದ ಕಾಲದಲ್ಲಿ ಜನ 'ಒನ್ಸ್ ಮೋರ್' ಅಂದ್ರೆ ಸಾಯ್ತಾ ಬಿದ್ದಿರೋ ಪಾತ್ರನೂ ಎದ್ದು ಇನ್ನೊಂದ್ಸಲ ಹಾಡ್ತಿತ್ತು ಅಂತ ನಮ್ಮ ತಾತ ಹೇಳೋರು. ಈಗಿನ ಹವ್ಯಾಸಿ ತಂಡಗಳ ಹತ್ರ ಅದು ನಡಿಯಲ್ಲ, ಆಸೆ ಆದ್ರೂ ತಡ್ಕೊಳಿ.

ಪರದೆ ಬಿದ್ದ ತಕ್ಷಣ ಪಾರ್ಕಿಂಗ್‌ಗೆ ಓಡ್ಬೇಡಿ, ಕೊನೇಲಿ ತಂಡದವ್ರನ್ನ ಪರಿಚಯ ಮಾಡಿಸ್ತಾರೆ, ಮೇಳ, ಲೈಟು, ಮೇಕಪ್ ಎಲ್ರನ್ನೂ. ಆಮೇಲೆ ಹಾರ್ಮೋನಿಯಂ ಪೆಟ್ಟಿಗೆ ಮುಚ್ತಿರೋವಾಗ ಹತ್ರ ಹೋಗಿ 'ಆ ಎರಡ್ನೇ ಹಾಡು ಯಾವ ರಾಗ ಸಾರ್' ಅಂತ ಕೇಳಿ, ಪೆಟ್ಟಿಗೆ ವಾಪಸ್ ತೆಗೆದು ನುಡಿಸಿ ತೋರಿಸಿದ್ದೂ ಇದೆ. ಅಷ್ಟೊತ್ತಿಗೆ ಗೇಟ್ ಹತ್ರ ಆಟೋ ರಶ್ಶೂ ಕಮ್ಮಿಯಾಗಿರತ್ತೆ.