ಎಂ.ಟೆಕ್ ಕ್ಯಾಡ್ ಸೀಟು ಹಿಡಿಯುವ ಮುಂಚೆ ಸಿಲೆಬಸ್ ಬಿಚ್ಚಿ ನೋಡಿ

ಮೆಕ್ಯಾನಿಕಲ್ ಬಿ.ಇ. ಮುಗಿಸಿ ಎಂ.ಟೆಕ್ ಕ್ಯಾಡ್ (ಕಂಪ್ಯೂಟರಿನಲ್ಲಿ ಯಂತ್ರಭಾಗಗಳ ಡಿಸೈನ್) ಕಡೆ ಹೊರಟ ನಮ್ಮ ಮಂಗಳೂರು, ಉಡುಪಿ ಕಡೆಯ ಮಕ್ಕಳು ಎಡವುವುದು ಒಂದೇ ಜಾಗದಲ್ಲಿ. ಬ್ರೋಷರಿನಲ್ಲಿ ಕ್ಯಾಟಿಯಾ, ಕ್ರಿಯೋ, ಆನ್ಸಿಸ್ ಅಂತ ಸಾಫ್ಟ್‌ವೇರ್ ಹೆಸರು ಎಷ್ಟಿವೆ ಎಂದು ನೋಡಿ ಸೀಟು ಹಿಡಿಯುತ್ತಾರೆ. ಎರಡು ವರ್ಷ ಕಳೆದು ಇಂಟರ್‌ವ್ಯೂಗೆ ಕೂತಾಗ, ಮೂರು ತಿಂಗಳ ಕ್ಯಾಡ್ ಕ್ಲಾಸಿಗೆ ಹೋಗಿಬಂದವರಿಗಿಂತ ಹೆಚ್ಚೇನೂ ಹೇಳಲು ಬರುವುದಿಲ್ಲ. ನೋಡಿ ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ.

1. ಎಂ.ಟೆಕ್ ಬೇಕೇ ಬೇಕಾ? ಮಾಡೆಲಿಂಗ್, ಡ್ರಾಫ್ಟಿಂಗ್ ಕೆಲಸ ಸಾಕು ಅನ್ನುವವರಿಗೆ ಬೇಡ. ಒಳ್ಳೆಯ ಟ್ರೈನಿಂಗ್ ಸೆಂಟರ್ ಸಾಕು. ಅನಾಲಿಸಿಸ್ (ಯಂತ್ರಭಾಗ ಲೋಡ್ ತಡೆಯುತ್ತದಾ ಎಂದು ಲೆಕ್ಕ ಹಾಕುವುದು), ಆರ್ ಆ್ಯಂಡ್ ಡಿ ಕಡೆ ಹೋಗುವ ಆಸೆ ಇದ್ದರೆ ಮುಂದೆ ಓದಿ.

2. ಗೇಟ್ ಬರೆಯಿರಿ, ಎಂ.ಟೆಕ್ ಸೇರಲು ಇರುವ ರಾಷ್ಟ್ರಮಟ್ಟದ ಪರೀಕ್ಷೆ ಅದು. ಸ್ಕೋರ್ 3 ವರ್ಷ ನಡೆಯುತ್ತದೆ. ಗೇಟ್ ಮೂಲಕ ಸೇರಿದ ಅರ್ಹರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಸುರತ್ಕಲ್ ಎನ್ಐಟಿಕೆಗೆ ಗೇಟ್ ಸ್ಕೋರ್ ನೋಡಿ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್, ವಿಟಿಯು ಕಾಲೇಜುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪರೀಕ್ಷೆ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯದ ಅಡ್ಮಿಷನ್ ಬೇರೆ. ಸೀಟು ಮಾಡಿಸಿಕೊಡ್ತೇನೆ ಅಂತ ಫೋನ್ ಮಾಡುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

3. ಸಿಲೆಬಸ್ ಓದಿ. ಇಲ್ಲಿ ಅವಸರ ಮಾಡಲೇಬೇಡಿ. ಕೋರ್ಸಿನ ಹೆಸರು ನೋಡಿ ತೀರ್ಮಾನಿಸುವುದೂ ತಪ್ಪು. ಮೆಷಿನ್ ಡಿಸೈನ್ ಅಂತ ಹೆಸರಿದ್ದ ಕಡೆ ಸ್ಟ್ರೆಸ್ (ಲೋಡ್ ಬಿದ್ದಾಗ ಲೋಹದೊಳಗೆ ಹುಟ್ಟುವ ಒತ್ತಡ), ವೈಬ್ರೇಷನ್ ಜಾಸ್ತಿ. ಕಂಪ್ಯೂಟರ್ ಇಂಟಿಗ್ರೇಟೆಡ್ ಮ್ಯಾನುಫ್ಯಾಕ್ಚರಿಂಗ್ ಅಂದರೆ ಸಿಎನ್‌ಸಿ, (ಕಂಪ್ಯೂಟರ್ ನಡೆಸುವ ಯಂತ್ರ), ರೋಬೋಟ್, ಶಾಪ್ ಫ್ಲೋರ್ ಕಡೆಗೆ ವಾಲುತ್ತದೆ. ಕ್ಯಾಡ್/ಕ್ಯಾಮ್ (ಕ್ಯಾಮ್ ಅಂದರೆ ಕಂಪ್ಯೂಟರ್ ಮೂಲಕ ತಯಾರಿಕೆ) ಅಂತ ಬೋರ್ಡ್ ಹಾಕಿದ್ದರೆ ಎರಡರಲ್ಲಿ ಯಾವುದೂ ಇರಬಹುದು, ಹಾಗಾಗಿ ಒಂದೊಂದೇ ಪೇಪರ್ ನೋಡಬೇಕು.

ಮೊದಲು ಹುಡುಕಬೇಕಾದ್ದು ಫೈನೈಟ್ ಎಲಿಮೆಂಟ್ ಮೆಥಡ್, ಅಂದರೆ ಭಾಗವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಸ್ಟ್ರೆಸ್ ಲೆಕ್ಕ ಹಾಕುವ ವಿಧಾನ. ಆ ತುಂಡುಗಳ ಬಲೆಗೆ ಮೆಶ್ ಅನ್ನುತ್ತಾರೆ. ಈ ಮೆಥಡ್ ಕೋರ್ ಪೇಪರ್ ಆಗಿರಬೇಕು, ಎಲೆಕ್ಟಿವ್ ಆಗಿದ್ದರೆ ಆ ಕೋರ್ಸ್ ಬಿಡಿ. ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ (ಲೋಡ್ ಹಾಕಿದರೆ ತುಂಡು ಎಷ್ಟು ಬಾಗುತ್ತದೆ ಎಂದು ಹೇಳುವ ಅಂಕಿಗಳ ಪಟ್ಟಿ) ಅನ್ನು ಕೈಯಲ್ಲಿ ಬರೆಸಿ, ಸಣ್ಣ ಪ್ರೋಗ್ರಾಂ ಆದರೂ ಮಾಡಿಸುತ್ತಾರಾ ನೋಡಿ. ಜೊತೆಗೆ ಥಿಯರಿ ಆಫ್ ಇಲಾಸ್ಟಿಸಿಟಿ ಇರಬೇಕು. ಜಿಯೋಮೆಟ್ರಿಕ್ ಮಾಡೆಲಿಂಗ್ ಪೇಪರಿನಲ್ಲಿ ಬೆಜಿಯರ್, ಬಿ-ಸ್ಪ್ಲೈನ್, ನರ್ಬ್ಸ್ ಬರಬೇಕು, ಕ್ಯಾಡ್ ಸಾಫ್ಟ್‌ವೇರಿನೊಳಗೆ ಕರ್ವ್, ಸರ್ಫೇಸ್ ಹುಟ್ಟುವುದೇ ಇವುಗಳಿಂದ.

ಇಷ್ಟೆಲ್ಲ ಯಾಕೆ ಅಂತೀರಾ? ಎಲ್ ಆಕಾರದ ಒಂದು ಬ್ರ್ಯಾಕೆಟ್ ತಗೊಳ್ಳಿ, ಒಳಮೂಲೆಗೆ ಫಿಲೆಟ್ (ದುಂಡಗಿನ ತಿರುವು) ಕೊಡದೆ ಚೂಪಾಗಿಯೇ ಬಿಟ್ಟು ಲೋಡ್ ಹಾಕಿ ರನ್ ಮಾಡಿ. ಮೂಲೆಯಲ್ಲಿ ಕೆಂಪು ಬಣ್ಣ, ಒಂದು ಸ್ಟ್ರೆಸ್ ಬೆಲೆ ಬರುತ್ತದೆ. ಮೆಶ್ ಸಣ್ಣದು ಮಾಡಿದರೆ ಬೆಲೆ ಏರುತ್ತದೆ. ಇನ್ನೂ ಸಣ್ಣದು ಮಾಡಿ, ಇನ್ನೂ ಏರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಆದರೆ ಅಗಲವಾದ ಒಂದು ತಗಡಿನ ನಡುವೆ ಸಣ್ಣ ದುಂಡು ತೂತು ಮಾಡಿ ಎಳೆದರೆ, ತೂತಿನ ಅಂಚಿನ ಸ್ಟ್ರೆಸ್ ತೂತಿನಿಂದ ದೂರದ ಸ್ಟ್ರೆಸ್ಸಿನ ಸುಮಾರು 3 ಪಟ್ಟಿಗೆ ಬಂದು ನಿಲ್ಲುತ್ತದೆ. ಮೊದಲನೆಯದನ್ನು ಯಾಕೆ ನಂಬಬಾರದು, ಎರಡನೆಯದನ್ನು ಯಾಕೆ ನಂಬಬಹುದು ಎಂದು ಹೇಳಬಲ್ಲವರಿಗೆ ಕೆಲಸ ಸಿಗುತ್ತದೆ. ಬಟನ್ ಒತ್ತುವುದನ್ನು ಯೂಟ್ಯೂಬ್ ನೋಡಿಯೂ ಕಲಿಯಬಹುದು ಮಾರಾಯ್ರೆ, ಅದಕ್ಕೆ ಎರಡು ವರ್ಷದ ಫೀಸು ಯಾಕೆ?

4. ಲ್ಯಾಬಿಗೆ ಹೋಗಿ. ಓಪನ್ ಡೇ ಬೇಡ, ಕ್ಲಾಸ್ ನಡೆಯುವ ದಿನ ಅನುಮತಿ ಕೇಳಿ ಹೋಗಿ. ಮೂರನೇ ಸೆಮ್ ವಿದ್ಯಾರ್ಥಿಯ ಪಕ್ಕ ಕೂತು, ‘ಮೆಶ್ ಕನ್ವರ್ಜೆನ್ಸ್ ನೋಡಿದ್ದೀರಾ?’ ಅಂತ ಮೆಲ್ಲಗೆ ಕೇಳಿ. ಮೆಶ್ ಸಣ್ಣದು ಮಾಡುತ್ತಾ ಹೋದಾಗ ಉತ್ತರ ಒಂದು ಬೆಲೆಗೆ ಬಂದು ನಿಲ್ಲುತ್ತದಾ ಎಂದು ನೋಡುವುದು ಅದು. ರಿಸಲ್ಟ್ ತೆಗೆದು ತೋರಿಸಿದರೆ ಆ ವಿಭಾಗ ಒಳ್ಳೆಯದು. ‘ಸರ್ ಹೇಳಿದ ಸೈಜ್ ಹಾಕಿದೆ’ ಅಂದರೆ ಬಸ್ ಹತ್ತಿ ಮುಂದಿನ ಕಾಲೇಜಿಗೆ ಹೋಗಿ. ಸಾಫ್ಟ್‌ವೇರ್ ಲೈಸೆನ್ಸ್ ಒಟ್ಟಿಗೆ ಎಷ್ಟು ಜನರಿಗಿದೆ ಎಂದೂ ಕೇಳಿ.

5. ಪ್ರಾಜೆಕ್ಟ್. ಎರಡನೇ ವರ್ಷದ ಹೆಚ್ಚು ಭಾಗ ಇದಕ್ಕೇ ಹೋಗುತ್ತದೆ. ಬೈಕಂಪಾಡಿಯ ಕಾರ್ಖಾನೆ, ಮಲ್ಪೆಯ ಶಿಪ್‌ಯಾರ್ಡ್, ಬೆಂಗಳೂರಿನ ಕಂಪನಿ, ಎಲ್ಲಾದರೂ ಸರಿ, ಹೊರಗೆ ಹೋಗಿ ಮಾಡಲು ಬಿಡುತ್ತಾರಾ ವಿಚಾರಿಸಿ. ದುಡ್ಡಿಗೆ ಸಿಗುವ ರೆಡಿಮೇಡ್ ಪ್ರಾಜೆಕ್ಟ್ ಮುಟ್ಟಲೂ ಬೇಡಿ. ಇಂಟರ್‌ವ್ಯೂನಲ್ಲಿ ಬೌಂಡರಿ ಕಂಡಿಷನ್ (ಭಾಗವನ್ನು ಎಲ್ಲಿ ಹಿಡಿದಿದ್ದೀರಿ, ಎಲ್ಲಿ ಲೋಡ್ ಹಾಕಿದ್ದೀರಿ) ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಸಾಕು, ಗೊತ್ತಾಗಿಬಿಡುತ್ತದೆ.

6. ಕ್ಲಾಸ್ ಶುರುವಾಗುವ ಮುಂಚೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿ ಲ್ಯಾಪ್‌ಟಾಪ್ ಹಾಳು ಮಾಡಿಕೊಳ್ಳಬೇಡಿ. ಫ್ರೀಕ್ಯಾಡ್ ಉಚಿತ. ಆನ್ಸಿಸ್ ಸ್ಟೂಡೆಂಟ್ ಕೂಡ ಉಚಿತ, ಮೆಶ್ ಗಾತ್ರಕ್ಕೆ ಮಿತಿ ಇದೆ, ಕಲಿಯಲು ಧಾರಾಳ ಸಾಕು. ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) ಫೈನೈಟ್ ಎಲಿಮೆಂಟ್ ಪಾಠಗಳಿವೆ, ಅವನ್ನು ನೋಡುತ್ತಾ ಆ ತೂತಿನ ತಗಡನ್ನು ನೀವೇ ಒಮ್ಮೆ ಮಾಡಿ, 3ರ ಹತ್ತಿರ ಬರುವವರೆಗೆ ಮೆಶ್ ತಿದ್ದುತ್ತಾ ಹೋಗಿ.