ನಿಘಂಟಿನಲ್ಲಿ ಮೊದಲು ಒತ್ತು, ಆಮೇಲೆ ಅರ್ಥ

ಇಂಗ್ಲಿಷ್ ನಿಘಂಟು ತೆರೆದ ಕೂಡಲೇ ನಾನು ಹುಡುಕುವುದು ಉಚ್ಚಾರಣೆಯ ಸಾಲಿನಲ್ಲಿ ಮೇಲುಗಡೆ ನಿಂತಿರುವ ಸಣ್ಣ ಗೆರೆಯನ್ನು. ಆ ಗೆರೆಯ ಬಲಕ್ಕಿರುವ ತುಂಡಿಗೆ (ಒಂದೇ ಉಸುರಿಗೆ ನುಡಿಯುವ ಪದದ ಭಾಗ, ಅಂದರೆ ಸಿಲಬಲ್‌ಗೆ) ಒತ್ತು, ಅಂದರೆ ದನಿಯ ಬಲ. ಎಡದ ತುಂಡಿಗೆ ಎಂದು ಓದಿಕೊಳ್ಳುವವರು ಬಹಳ ಜನ. ಕೆಳಗಡೆ ಇಂಥದೇ ಗೆರೆ ಇದ್ದರೆ ಅದು ಅರೆ ಒತ್ತು. ಶುರುವಿನಲ್ಲಿ ಬಿಟ್ಟರೂ ನಡೆಯುತ್ತದೆ.

ಕನ್ನಡದಲ್ಲಿ ಬರೆದ ಅಕ್ಷರಕ್ಕೆಲ್ಲ ಪೂರ್ತಿ ದನಿ ಕೊಟ್ಟು ಓದುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ತುಂಡು ಮಾತ್ರ ಉದ್ದಕ್ಕೆ, ಗಟ್ಟಿಯಾಗಿ ಬರುತ್ತದೆ. ಉಳಿದ ಕಡೆ ಸ್ವರ ಸವೆದು ಒಂದು ಸಣ್ಣ ‘ಅ’ ಆಗುವುದೇ ಹೆಚ್ಚು. ನಿಘಂಟು ಇದನ್ನು ತಲೆಕೆಳಗಾದ ಇಂಗ್ಲಿಷ್ ‘e’ ಅಕ್ಷರದಿಂದ (ə) ತೋರಿಸುತ್ತದೆ, ಹೆಸರು ಷ್ವಾ. ನೋಟ್‌ಬುಕ್ಕಿನಲ್ಲಿ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದು, ಒತ್ತಿನ ತುಂಡಿಗೆ ಅಡಿಗೆರೆ ಎಳೆಯುತ್ತೇನೆ, ಷ್ವಾ ಇರುವಲ್ಲಿ ಕೆಳಗೊಂದು ಚುಕ್ಕೆ ಇಡುತ್ತೇನೆ. ‘ಫೋಟೋಗ್ರಾಫ್’ನಲ್ಲಿ ಅಡಿಗೆರೆ ‘ಫೋ’ಗೆ. ‘ಫೋಟೋಗ್ರಾಫರ್’ ಆದಾಗ ಅದು ಎರಡನೇ ತುಂಡಿಗೆ ಜಾರುತ್ತದೆ, ಪದವೇ ‘ಫ-ಟಾ-ಗ್ರ-ಫರ್’ ಆಗುತ್ತದೆ. ‘ಕಂಫರ್ಟಬಲ್’ ಬಾಯಲ್ಲಿ ಮೂರೇ ತುಂಡು: ‘ಕಂಫ್-ಟ-ಬಲ್’. ‘ವೆಜಿಟೇಬಲ್’ ಕೂಡ ‘ವೆಜ್-ಟ-ಬಲ್’. ಅದರೊಳಗೆ ಟೇಬಲ್ ಇಲ್ಲ.

ಪ್ರತಿ ಪದಕ್ಕೂ ಹುಡುಕಬೇಕಾಗಿಲ್ಲ. ‘ಶನ್’, ‘ಇಕ್’, ‘ಇಟಿ’ ಎಂದು ಮುಗಿಯುವ ಪದಗಳಲ್ಲಿ ಆ ಬಾಲಕ್ಕಿಂತ ಒಂದು ತುಂಡು ಹಿಂದೆ ಒತ್ತು ಇರುತ್ತದೆ: ಎಜುಕೇಶನ್‌ನಲ್ಲಿ ‘ಕೇ’, ಇಕನಾಮಿಕ್‌ನಲ್ಲಿ ‘ನಾ’, ಎಲೆಕ್ಟ್ರಿಸಿಟಿಯಲ್ಲಿ ‘ಟ್ರಿ’. ಪಾಲಿಟಿಕ್ಸ್, ಕ್ಯಾಥೊಲಿಕ್ ಈ ಲೆಕ್ಕಕ್ಕೆ ಸಿಗುವುದಿಲ್ಲ, ಎರಡಕ್ಕೂ ಮೊದಲ ತುಂಡಿಗೇ ಒತ್ತು.

ಇನ್ನು ದನಿಗಳು. ನಮ್ಮ ‘ಟ’ ಇಂಗ್ಲಿಷಿನವರದಕ್ಕಿಂತ ಹಿಂದೆ ಮಡಚಿ ಬರುತ್ತದೆ ನಿಜ, ಆದರೆ ಅದರಿಂದ ಯಾರಿಗೂ ಅರ್ಥ ತಪ್ಪುವುದಿಲ್ಲ. ಅದರ ಹಿಂದೆ ಬಿದ್ದು ಸಮಯ ಕಳೆಯಬೇಡಿ. ಅರ್ಥ ಕೆಡಿಸುವುದು ಬೇರೆ. ಪದದ ಮೊದಲಿಗೆ ಬರುವ ಪ, ಕ ದನಿಗಳನ್ನು ಇಂಗ್ಲಿಷಿನವರು ಉಸಿರು ಸೇರಿಸಿ, ಮಹಾಪ್ರಾಣದಂತೆ ನುಡಿಯುತ್ತಾರೆ. ನಾವು ಉಸಿರಿಲ್ಲದೆ ‘ಕೋಟ್’ ಎಂದರೆ ಅವರ ಕಿವಿಗೆ ಮೇಕೆಯ ‘ಗೋಟ್’ ಕೇಳಿಸಬಹುದು. ‘ಖೋಟ್’ ಅನ್ನಿ, ಸರಿಹೋಗುತ್ತದೆ. ಅಂಗೈಯನ್ನು ಬಾಯಿಯ ಹತ್ತಿರ ಹಿಡಿದರೆ ಗಾಳಿ ತಗಲಬೇಕು. ‘ಸ್ಕೂಲ್’, ‘ಸ್ಪೂನ್’ಗಳಲ್ಲಿ ಮಾತ್ರ ಸಕಾರದ ನಂತರ ಈ ಉಸಿರು ಬೇಡ.

ನಮ್ಮ ಒಂದೇ ‘ವ’ ಅಲ್ಲಿನ ಎರಡು ದನಿಗಳ ಕೆಲಸ ಮಾಡುತ್ತದೆ. ‘ವ್ಯಾನ್’ಗೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು, ‘ವಾಟರ್’ಗೆ ಹಲ್ಲು ತಾಗಲೇಬಾರದು, ‘ಉ’ ಅನ್ನುವಂತೆ ತುಟಿ ಗುಂಡಗಾಗಬೇಕು. ಕನ್ನಡಿ ಮುಂದೆ ನಿಂತರೆ ಗೊತ್ತಾಗುತ್ತದೆ. ಎರಡನೆಯದನ್ನು ನಾನು ‘ಉವಾಟರ್’ ಎಂದೇ ಬರೆದುಕೊಳ್ಳುತ್ತೇನೆ.

‘ಎಲ್ಲಿ’ಯನ್ನು ‘ಯೆಲ್ಲಿ’ ಅನ್ನುವ ನಾಲಿಗೆ ‘ಎಗ್’ ಅನ್ನೂ ‘ಯೆಗ್’ ಮಾಡುತ್ತದೆ. ಇದಕ್ಕೆ ಮದ್ದು ಪದವನ್ನು ಒಂಟಿಯಾಗಿ ಅಭ್ಯಾಸ ಮಾಡದಿರುವುದು. ‘ಆ್ಯನ್ ಎಗ್’ ಎರಡನ್ನೂ ಕೂಡಿಸಿ ‘ಅನೆಗ್’ ಅಂದರೆ ಯಕಾರ ನುಸುಳಲು ಜಾಗವೇ ಇರುವುದಿಲ್ಲ.

ಭೂತಕಾಲದ ಬಾಲವನ್ನು ಎಲ್ಲ ಕಡೆ ‘ಎಡ್’ ಎಂದು ಓದುವುದು ಇನ್ನೊಂದು ರೋಗ: ‘ವರ್ಕೆಡ್’, ‘ಸ್ಟಾಪೆಡ್’. ಶಾಲೆಯಲ್ಲಿ ಕಲಿತ ಆದೇಶ ಸಂಧಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ‘ಕ’ ಮೆದುವಾಗಿ ‘ಗ’ ಆಗುತ್ತದಲ್ಲ, ಆ ಗಡಸು-ಮೆದು ಜೋಡಿ ನೆನಪಿದ್ದರೆ ಸಾಕು. ಕ್, ಪ್, ಚ್, ಸ್, ಶ್, ಫ್‌ಗಳಂಥ ಗಡಸು ದನಿಯ ಮೇಲೆ ಬಾಲವೂ ಗಡಸು: ‘ವರ್ಕ್ಟ್’, ‘ಸ್ಟಾಪ್ಟ್’. ಗ್, ಬ್, ನ್, ಲ್ ಇಲ್ಲವೇ ಸ್ವರದ ಮೇಲೆ ಮೆದು: ‘ಬೆಗ್ಡ್’, ‘ಪ್ಲೇಡ್’. ಮೂಲ ಪದದ ಕೊನೆಯಲ್ಲೇ ಟ್ ಅಥವಾ ಡ್ ಇದ್ದರೆ ಮಾತ್ರ ‘ಇಡ್’: ‘ವಾಂಟಿಡ್’, ‘ನೀಡಿಡ್’.

ಅರ್ಥಕ್ಕೆ ಕನ್ನಡದ ಒಂದು ಪದ ಬರೆದು ಬಿಡುವುದು ಸಾಲದು. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಇಟ್ಟುಕೊಳ್ಳಿ. ಲಾಂಗ್‌ಮನ್‌ನವರು 1978ರಲ್ಲಿ ತಂದ ನಿಘಂಟು ಸುಮಾರು 2000 ಸುಲಭ ಪದಗಳಲ್ಲೇ ಅರ್ಥ ವಿವರಿಸಿತು. ಒಂದು ಅರ್ಥ ತಿಳಿಯಲು ಮತ್ತೆ ನಾಲ್ಕು ಪದ ಹುಡುಕುವ ಗೋಳು ಇರುವುದಿಲ್ಲ. ಅರ್ಥದ ಪಕ್ಕದಲ್ಲಿ ಜೊತೆಗಾರ ಪದ ಬರೆಯಿರಿ. ‘ಡಿಸ್ಕಸ್’ ಮುಂದೆ ನಾನು ‘ಅಬೌಟ್ ಇಲ್ಲ’ ಎಂದು ಕೆಂಪಿನಲ್ಲಿ ಬರೆದಿದ್ದೇನೆ, ಯಾಕೆಂದರೆ ನಾವು ‘ಅದರ ಬಗ್ಗೆ’ ಚರ್ಚಿಸುವವರು. ‘ಮ್ಯಾರಿ’ಗೆ ‘ವಿತ್ ಇಲ್ಲ’. ನಿಘಂಟಿನಲ್ಲಿ ‘ಯು’ ಅಕ್ಷರದ ಗುರುತಿದ್ದರೆ ಆ ನಾಮಪದಕ್ಕೆ ಬಹುವಚನವಿಲ್ಲ: ಫರ್ನಿಚರ್, ಇನ್ಫರ್ಮೇಶನ್, ಅಡ್ವೈಸ್. ಈ ಕೊನೆಯದು ಕ್ರಿಯಾಪದವಾದರೆ ‘ಅಡ್ವೈಜ಼್’.

ಉಚ್ಚಾರಣೆ ಸರಿಯೇ ಎಂದು ಪರೀಕ್ಷಿಸಿಕೊಳ್ಳಲು ಫೋನಿನ ಧ್ವನಿ ಟೈಪಿಂಗ್ ಸಾಕು, ಆದರೆ ವಾಕ್ಯ ಜೋಪಾನ. ಫೋನು ಸಂದರ್ಭ ನೋಡಿ ತಾನೇ ತಿದ್ದಿಕೊಳ್ಳುತ್ತದೆ. ‘ಚಳಿಗೆ ಕೋಟ್ ಹಾಕಿಕೊಂಡೆ’ ಎಂಬ ಅರ್ಥದ ವಾಕ್ಯ ಹೇಳಿದರೆ ಹೇಗೆ ನುಡಿದರೂ ಸರಿಯಾಗೇ ಬರೆದುಬಿಡುತ್ತದೆ. ಕೋಟ್, ಗೋಟ್ ಎರಡೂ ಹೊಂದುವ ವಾಕ್ಯ ಕೊಡಿ: ‘ಐ ಬಾಟ್ ಎ ಕೋಟ್’. ಪರದೆಯ ಮೇಲೆ ಮೇಕೆ ಬಂದರೆ ಇನ್ನಷ್ಟು ಉಸಿರು ಬೇಕು.