ಹಿತ್ತಲ ಕೊಳದ ಪಾಚಿಗೆ ಮೈಲುತುತ್ತ ಹಾಕಬೇಡಿ

ಕೊಳ ಹಸಿರಾಯ್ತು ಅಂತ ನೀರೆಲ್ಲ ಹೊರಗೆ ಚೆಲ್ಲಬೇಡಿ. ಮೊದಲ ಬೇಸಿಗೆಯಲ್ಲಿ ನಾನೂ ಅದನ್ನೇ ಮಾಡಿದೆ. ಗೋಡೆಯೆಲ್ಲ ಉಜ್ಜಿ, ಬೋರ್‌ವೆಲ್ ನೀರು ತುಂಬಿಸಿದೆ. ಹತ್ತೇ ದಿನಕ್ಕೆ ಮತ್ತೆ ಹಸಿರು! ಮೀನಿನ ಕೊಳೆಯನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಇರುವುದೇ ಆ ಗೋಡೆಯ ಮೇಲೆ, ತಳದ ಕಲ್ಲುಗಳ ಮೇಲೆ. ಉಜ್ಜಿದರೆ ಅದೂ ಹೋಗುತ್ತದೆ.

ಪಾಚಿ ಬೆಳೆಯೋದು ಬಿಸಿಲಿನಿಂದ, ನೀರಲ್ಲಿ ಕರಗಿದ ಸಾರಜನಕ, ರಂಜಕದಿಂದ. ಈ ಊಟ ಕಡಿಮೆ ಮಾಡಬೇಕು, ಅಷ್ಟೇ.

ಮೊದಲು ಗಾಜಿನ ಲೋಟದಲ್ಲಿ ನೀರು ತೆಗೆದು ಬೆಳಕಿಗೆ ಹಿಡಿಯಿರಿ. ನೀರೇ ಹಸಿರಾಗಿದ್ದರೆ ಕೈಯಿಂದ ತೆಗೆಯೋಕೆ ಆಗಲ್ಲ, ನೆರಳು ಮತ್ತು ಗಿಡಗಳೇ ಅದಕ್ಕೆ ಮದ್ದು. ನೂಲು ನೂಲಾಗಿದ್ದರೆ ಸುಲಭ: ಹಳೇ ತೆಂಗಿನ ಕಡ್ಡಿ ಪೊರಕೆಯನ್ನು ಅದರೊಳಗೆ ಇಳಿಸಿ ನಿಧಾನಕ್ಕೆ ತಿರುಗಿಸಿ, ಶಾವಿಗೆ ಹಾಗೆ ಸುತ್ತಿಕೊಂಡು ಬರುತ್ತದೆ. ತೆಗೆದದ್ದನ್ನು ಅರ್ಧ ಗಂಟೆ ಕೊಳದ ಅಂಚಲ್ಲೇ ಇಡಿ, ಸಿಕ್ಕಿಕೊಂಡ ಬಸವನಹುಳು ವಾಪಸ್ ನೀರಿಗೆ ಹೋಗಲಿ. ಆಮೇಲೆ ತೆಂಗಿನ ಬುಡಕ್ಕೆ ಹಾಕಿ, ಒಳ್ಳೆ ಗೊಬ್ಬರ.

ನೆರಳಿಗೆ ನೈದಿಲೆಯಷ್ಟು ಚೆನ್ನಾಗಿರೋದು ಬೇರೆ ಇಲ್ಲ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರು ಎಲೆಯಿಂದ ಮುಚ್ಚಿದರೆ ಸಾಕು. ಕುಂಡಕ್ಕೆ ಜೇಡಿಮಣ್ಣು ಹಾಕಿ ಮೇಲೆ ಸಣ್ಣ ಕಲ್ಲು ಹರಡಿ. ಹಸಿ ಸಗಣಿ ಬೇಡವೇ ಬೇಡ, ಅದು ಗಿಡಕ್ಕಿಂತ ಮೊದಲು ಪಾಚಿಗೆ ಸೇರುತ್ತದೆ. ಅಂಚಿನಲ್ಲಿ ಕೆಸು, ಬಜೆ, ಕಾಬಾಳೆ ನೆಡಿ. ಇವುಗಳ ಬೇರು ನೀರಿನ ಸಾರ ಎಳೆದುಕೊಳ್ಳುತ್ತದೆ. ಆದರೆ ಹಳದಿಯಾದ ಎಲೆಗಳನ್ನು ಆಗಾಗ ಕತ್ತರಿಸಿ ಹೊರಗೆ ಹಾಕಬೇಕು, ಇಲ್ಲವಾದರೆ ಅಲ್ಲೇ ಕೊಳೆತು ಎಲ್ಲ ವಾಪಸ್ ನೀರಿಗೇ ಬರುತ್ತದೆ. ಅಂತರಗಂಗೆಯೂ ಕೆಲಸ ಮಾಡುತ್ತದೆ, ವಾರಕ್ಕೊಮ್ಮೆ ಅರ್ಧ ಕಿತ್ತು ಹಾಕಿ. ಕಿತ್ತದ್ದನ್ನು ದಯವಿಟ್ಟು ಕೆರೆಗೋ ಹಳ್ಳಕ್ಕೋ ಎಸೆಯಬೇಡಿ, ನಮ್ಮ ಎಷ್ಟೋ ಕೆರೆಗಳು ಈಗಾಗಲೇ ಇಂಥ ಕಳೆಯಿಂದ ಉಸಿರು ಕಟ್ಟಿವೆ.

ಮೀನಿಗೆ ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಮಕ್ಕಳು ಪ್ರೀತಿಯಿಂದ ಮುಷ್ಟಿ ಮುಷ್ಟಿ ಮಂಡಕ್ಕಿ ಹಾಕ್ತಾರೆ, ಅಲ್ವಾ? ಮಿಕ್ಕಿದ್ದೆಲ್ಲ ತಳದಲ್ಲಿ ಕೊಳೆಯುತ್ತದೆ. ಕೊಳದ ಕಟ್ಟೆ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರಲಿ, ಮಳೆಗಾಲದಲ್ಲಿ ತೋಟದ ಗೊಬ್ಬರದ ನೀರು ಒಳಗೆ ನುಗ್ಗಬಾರದು.

ಈಗ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ವಿಷಯ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವ ಮನೆಗಳಲ್ಲಿ ಇದು ಇದ್ದೇ ಇರುತ್ತದೆ, ಒಂದು ಚಿಟಿಕೆ ಹಾಕೋಣ ಅನಿಸುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಹಾಗೇ ಹಾಕಿದರು. ಪಾಚಿ ಸತ್ತಿತು, ಮೂರನೇ ದಿನ ಬೆಳಿಗ್ಗೆ ಮೀನುಗಳೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ತಾಮ್ರ ಮೀನಿಗೂ ಬಸವನಹುಳುವಿಗೂ ವಿಷ. ಸಾಲದ್ದಕ್ಕೆ, ಒಂದೇ ಸಲ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ಖಾಲಿ ಮಾಡುತ್ತದೆ.

ಪಾಚಿ ತುಂಬಿದ ಕೊಳದಲ್ಲಿ ಏನೂ ಹಾಕದೇ ಇದ್ದರೂ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುವುದುಂಟು, ಯಾಕಂದರೆ ರಾತ್ರಿ ಪಾಚಿಯೂ ಆಮ್ಲಜನಕ ಬಳಸುತ್ತದೆ. ಹಾಗೆ ಕಂಡರೆ ತಕ್ಷಣ ಕೊಳದ ನೀರನ್ನೇ ಬಕೆಟ್‌ನಲ್ಲಿ ಎತ್ತಿ, ಎತ್ತರದಿಂದ ಮತ್ತೆ ಮತ್ತೆ ಸುರಿಯಿರಿ. ಆ ದಿನ ಆಹಾರ ಹಾಕಬೇಡಿ.

ನನ್ನ ಕೊಳ ತಿಳಿಯಾಗಲು ಸುಮಾರು ಎರಡು ತಿಂಗಳು ಬೇಕಾಯಿತು. ಈಗಲೂ ಏಪ್ರಿಲ್‌ನಲ್ಲಿ ತೆಳ್ಳಗೆ ಹಸಿರು ಬರುತ್ತದೆ. ತಳದಲ್ಲಿ ನೈದಿಲೆ ಕುಂಡದ ಅಂಚು ಕಾಣುತ್ತಿರುವಷ್ಟು ದಿನ ನಾನು ಅದರ ಗೊಡವೆಗೆ ಹೋಗುವುದಿಲ್ಲ.